ಚಳಿಗಾಲದ ಹೊದಿಕೆ: ಕೇರಿಯಲ್ಲಿ ಕೂಡಿಸಿ ಕೇರಿಯಲ್ಲೇ ಹಂಚುವ ಬಗೆ

ದಾವಣಗೆರೆಯಲ್ಲಿ ಚಳಿಯ ಮಾತೆತ್ತಿದರೆ ನಗುವವರೇ ಹೆಚ್ಚು. ಮಾರ್ಚ್ ಬಂತೆಂದರೆ ಬೆವರು ಒರೆಸಿಕೊಳ್ಳುವ ಊರಿದು. ಚಳಿ ಎಂದ ಕೂಡಲೇ ನಮಗೆ ಮಡಿಕೇರಿಯೋ ಚಿಕ್ಕಮಗಳೂರೋ ನೆನಪಾಗುತ್ತದೆ. ಆದರೆ ದೀಪಾವಳಿಯ ಹಟ್ಟಿಹಬ್ಬ ಕಳೆದು ಹೊಸ್ತಿಲ ಹುಣ್ಣಿಮೆ ಸಮೀಪಿಸುವ ಹೊತ್ತಿಗೆ ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಗೋಡೆ, ಬಾಗಿಲು, ಮಂಚ, ಹಾಸಿಗೆ ಇರುವವರಿಗೆ ಅದು ಹಿತವಾದ ಚಳಿ; ತಗಡಿನ ಸೂರಿನಡಿ ಸಿಮೆಂಟು ನೆಲದ ಮೇಲೆ ಮಲಗುವವರಿಗೆ ಅದು ನಸುಕಿನ ನಿದ್ದೆಯನ್ನು ಕಿತ್ತುಕೊಳ್ಳುವ ಚಳಿ. ತಗಡಿಗೆ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ಗುಣವಿಲ್ಲ. ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ಅದು ಬೇಗನೆ ತಣ್ಣಗಾಗಿ, ಒಳಗೆ ಮಲಗಿದವರ ಉಸಿರಿನ ತೇವವೇ ಬೆಳಗಿನ ಜಾವ ಹನಿಯಾಗಿ ಅವರ ಮೇಲೆ ತೊಟ್ಟಿಕ್ಕುತ್ತದೆ.

ನಮ್ಮ ಬೀದಿಯ ಏಳೆಂಟು ಮನೆಯವರು ಸೇರಿ ಮೊದಲ ಸಲ ಇಂಥವರಿಗೆ ಹೊದಿಕೆ ಹಂಚುವ ಕೆಲಸಕ್ಕೆ ಇಳಿದಾಗ ಮೊದಲು ಬಟ್ಟೆ ಕೂಡಿಸಿದೆವು, ಯಾರಿಗೆ ಕೊಡುವುದೆಂದು ಆಮೇಲೆ ಯೋಚಿಸಿದೆವು. ಹನ್ನೊಂದು ಗೋಣಿಚೀಲ ತುಂಬಿತು. ಬಿಚ್ಚಿ ನೋಡಿದರೆ ಜರಿ ಸೀರೆಗಳು, ಮದುವೆಯ ಕೋಟುಗಳು, ಜೋಡಿಯಿಲ್ಲದ ಕಾಲುಚೀಲಗಳು, ಯಾವುದೋ ಶಾಲೆಯ ಹಳೆಯ ಸಮವಸ್ತ್ರಗಳು; ಹೊದೆಯಲು ಬರುವಂತಹವು ಎರಡು ಚೀಲದಷ್ಟೂ ಇರಲಿಲ್ಲ. ಅವನ್ನೇ ಆಟೋದಲ್ಲಿ ಹೇರಿಕೊಂಡು ಒಂದು ರಾತ್ರಿ ಬಸ್ ನಿಲ್ದಾಣದ ಹತ್ತಿರ ನಿಂತೆವು. ಹತ್ತು ನಿಮಿಷದಲ್ಲಿ ಎಲ್ಲ ಖಾಲಿಯಾಯಿತು. ಗಟ್ಟಿಮುಟ್ಟಾಗಿದ್ದವರು ಎರಡೆರಡು ಒಯ್ದರು, ಎದ್ದು ಬರಲಾಗದವರು ಮಲಗಿದಲ್ಲಿಂದಲೇ ನೋಡುತ್ತ ಉಳಿದರು. ಹಾಗೆ ಉಳಿದವರಲ್ಲಿ ಒಬ್ಬ ಅಜ್ಜಿಗೆ ಆಟೋದ ಮೂಲೆಯಲ್ಲಿದ್ದ ತೆಳು ಶಾಲೊಂದನ್ನು ಕೊಡಲು ಹೋದಾಗ ಆಕೆ ಅದನ್ನು ಕೈಯಲ್ಲಿ ಹಿಡಿದು, “ಹೊದ್ಕಣಾಕೆ ಐತಪ್ಪ, ಕೆಳಗಿಂದ ಬರೋ ಥಂಡಿಗೆ ಏನ್ ಮಾಡ್ಲಿ?” ಎಂದು ಕೇಳಿದಳು. ಆಕೆ ಕುಳಿತಿದ್ದುದು ಬರಿಯ ಕಡಪ ಕಲ್ಲಿನ ಮೇಲೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಮುಂದಿನ ವರ್ಷಗಳಲ್ಲಿ ತಿದ್ದಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಪಟ್ಟಿ ಮೊದಲು, ಚೀಲ ಆಮೇಲೆ

ಒಂದು ಸಾಮಾನ್ಯ ನೋಟ್‌ಬುಕ್ ತೆಗೆದುಕೊಂಡು ಇಬ್ಬರು, ಸಾಧ್ಯವಾದರೆ ಒಬ್ಬ ಹೆಂಗಸು ಮತ್ತು ಒಬ್ಬ ಗಂಡಸು, ನಿಮ್ಮ ವಾರ್ಡಿನಲ್ಲಿ ಎರಡು ಹೊತ್ತು ನಡೆದಾಡಬೇಕು: ರಾತ್ರಿ ಹತ್ತೂವರೆಯ ನಂತರ ಒಮ್ಮೆ, ನಸುಕಿನ ಐದೂವರೆಗೆ ಒಮ್ಮೆ. ಹಗಲಿನಲ್ಲಿ ನೋಡಿದರೆ ಯಾರಿಗೆ ಚಳಿ ತಟ್ಟುತ್ತದೆಂಬುದು ಗೊತ್ತಾಗುವುದಿಲ್ಲ. ರಾತ್ರಿ ಯಾರು ಎಲ್ಲಿ ಮಲಗುತ್ತಾರೆ, ಬೆಳಗ್ಗೆ ಯಾರು ಮೊದಲು ಬೀದಿಗೆ ಇಳಿಯುತ್ತಾರೆ ಎಂಬುದು ಆ ಹೊತ್ತಿಗಷ್ಟೇ ಕಾಣುತ್ತದೆ. ಇದರ ಜೊತೆಗೆ ವಾರ್ಡಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪೌರಕಾರ್ಮಿಕರ ಮೇಸ್ತ್ರಿ ಹಾಗೂ ಬೆಳಗಿನ ಜಾವ ಅಂಗಡಿ ತೆರೆಯುವ ಚಹಾದವರನ್ನು ವಿಚಾರಿಸಬೇಕು. ಕೈಗೂಸಿರುವ ಮನೆ, ಕೆಮ್ಮಿನಿಂದ ನರಳುವ ಮುದುಕರಿರುವ ಮನೆ ಯಾವುದೆಂದು ಇವರಿಗೆ ನಿಮಗಿಂತ ಚೆನ್ನಾಗಿ ತಿಳಿದಿರುತ್ತದೆ.

ನಮ್ಮೂರಿನಲ್ಲಿ ಚಳಿಗೆ ಒಡ್ಡಿಕೊಳ್ಳುವವರೆಲ್ಲರಿಗೂ ಒಂದೇ ವಸ್ತು ಬೇಕಾಗಿರುವುದಿಲ್ಲ ಎಂಬುದು ಈ ಓಡಾಟದಿಂದಲೇ ಸ್ಪಷ್ಟವಾಗುತ್ತದೆ. ಮಂಡಕ್ಕಿ ಭಟ್ಟಿಯನ್ನೇ ನೋಡಿ. ಉರಿಯುವ ಒಲೆಯ ಮುಂದೆ ಕಾದ ಮರಳಿನಲ್ಲಿ ಅಕ್ಕಿ ಹುರಿಯುವವರಿಗೆ ಚಳಿಯೆಲ್ಲಿಯದು ಎಂದು ನಾನೂ ಅಂದುಕೊಂಡಿದ್ದೆ. ಭಟ್ಟಿಯ ಬಾಗಿಲಲ್ಲಿ ಒಂದು ಬೆಳಗ್ಗೆ ನಿಂತಾಗ, ಬೆವರಿನಿಂದ ಬನಿಯನ್ ಬೆನ್ನಿಗೆ ಅಂಟಿದ್ದ ಹುಡುಗನೊಬ್ಬ ಚೀಲ ಹೊತ್ತು ಹೊರಗೆ ಬಂದು, ಗಾಡಿಗೆ ಹೇರಿ, ಎರಡೂ ತೋಳುಗಳನ್ನು ಎದೆಗೆ ಕಟ್ಟಿಕೊಂಡು ನಡುಗುತ್ತ ಒಳಗೆ ಓಡಿದ್ದನ್ನು ಕಂಡೆ. ಗಂಟೆಗೆ ಹತ್ತು ಸಲ ಬಿಸಿಯಿಂದ ಥಂಡಿಗೆ, ಥಂಡಿಯಿಂದ ಬಿಸಿಗೆ ಹೋಗಿ ಬರುವ ಅವನಿಗೆ ರಗ್ಗು ಕೊಟ್ಟರೆ ಉಪಯೋಗವಿಲ್ಲ. ಬೆವರನ್ನು ಹೀರುವ ಹತ್ತಿಯ ಒಣ ಅಂಗಿ ಎರಡು, ಹೊರಗೆ ಬರುವಾಗ ಸರಕ್ಕನೆ ಹಾಕಿಕೊಂಡು ತೆಗೆಯಬಹುದಾದ ತೋಳಿಲ್ಲದ ಸ್ವೆಟರ್ ಒಂದು ಇದ್ದರೆ ಸಾಕು.

ಬೆಳಗಿನ ಜಾವ ಪೊರಕೆ ಹಿಡಿಯುವ ಪೌರಕಾರ್ಮಿಕರಿಗೆ ಬೇಕಾದದ್ದು ಕಿವಿ ಮುಚ್ಚುವ ಟೋಪಿ, ಸ್ವೆಟರ್ ಮತ್ತು ಕಾಲುಚೀಲ. ಕೃಷಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಆವಕ ಜೋರಾಗಿರುವ ತಿಂಗಳುಗಳಲ್ಲಿ ಅಲ್ಲೇ ಚೀಲಗಳ ನಡುವೆ ರಾತ್ರಿ ಕಳೆಯುವ ಹಮಾಲರಿಗೆ ದಪ್ಪ ಹೊದಿಕೆ ಬೇಕು. ಕಟ್ಟಡ ಕೆಲಸಕ್ಕೆಂದು ಬಂದು, ಅರೆಬರೆ ಎದ್ದ ಮನೆಗಳಲ್ಲಿ ಕಿಟಕಿ ಬಾಗಿಲುಗಳಿಲ್ಲದೆ ಕಾವಲಿರುವ ಕುಟುಂಬಗಳಿಗೆ ಹೊದಿಕೆಗಿಂತ ಮೊದಲು ಗಾಳಿ ತಡೆಯುವ ತಾಡಪಾಲು ಬೇಕಾಗುತ್ತದೆ. ಕಬ್ಬು ಕಡಿಯಲು ಬಂದು ಹೊಲದಂಚಿನಲ್ಲಿ ಗುಡಿಸಲು ಹಾಕಿಕೊಂಡವರದೂ ಇದೇ ಸ್ಥಿತಿ. ಭದ್ರಾ ನಾಲೆಯ ನೀರು ಹರಿಯುವ ಭಾಗದಲ್ಲಿ ನೆಲವೇ ಒದ್ದೆಯಿರುವುದರಿಂದ ಅವರಿಗೆ ಹಾಸುವ ವಸ್ತುವಿನ ಅಗತ್ಯ ಇನ್ನೂ ಹೆಚ್ಚು.

ಪಟ್ಟಿಯಲ್ಲಿ ಬಹುತೇಕ ಎಲ್ಲರೂ ಮರೆಯುವ ಇನ್ನೊಂದು ಗುಂಪಿದೆ. ಅವರು ನಿಮ್ಮ ಬೀದಿಯಲ್ಲೇ, ಬಾಗಿಲು ಕಿಟಕಿ ಇರುವ ಮನೆಯಲ್ಲೇ ಇರುತ್ತಾರೆ. ಹಿಂಬದಿಯ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಒಂಟಿ ಹೆಂಗಸು, ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಉಳಿದ ವೃದ್ಧ ದಂಪತಿ, ಗಿರಣಿಯಲ್ಲಿ ದುಡಿದು ಈಗ ಏನೂ ಆದಾಯವಿಲ್ಲದ ಹಿರಿಯರು. ಇವರು ಯಾವ ಸಾಲಿನಲ್ಲೂ ಬಂದು ನಿಲ್ಲುವುದಿಲ್ಲ, “ಬೇಕೇ?” ಎಂದು ಕೇಳಿದರೆ “ಬೇಡ” ಎನ್ನುತ್ತಾರೆ. ಇಂಥವರಲ್ಲಿ ಕೇಳುವ ರೀತಿಯನ್ನೇ ಬದಲಿಸಬೇಕು. “ಅಮ್ಮ, ಈ ಸಲ ಹಳೆಯ ಬಟ್ಟೆಯ ಪದರಗಳಿಂದ ಕೌದಿ ಹೊಲಿಸುತ್ತಿದ್ದೇವೆ, ಹೇಗೆ ಹೊಲಿಯಬೇಕೆಂದು ಸ್ವಲ್ಪ ಬಂದು ತೋರಿಸಿಕೊಡುತ್ತೀರಾ?” ಎಂದು ಕರೆದರೆ ಅವರು ಬರುತ್ತಾರೆ, ಹೋಗುವಾಗ ತಾವು ಹೊಲಿದ ಕೌದಿಯೊಂದನ್ನು ಒಯ್ಯುವುದಕ್ಕೆ ಅವರಿಗೆ ಸಂಕೋಚವಿರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಇಷ್ಟೇ: ಮಲಗುವ ಜಾಗ, ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು, ವಯಸ್ಸಾದವರೆಷ್ಟು, ಈಗ ಏನಿದೆ, ಏನು ಬೇಕು. ಆಧಾರ್ ಸಂಖ್ಯೆ, ಜಾತಿ, ಫೋಟೋ ಇವು ಯಾವುದೂ ಬೇಡ. ಒಂದು ಹೊದಿಕೆ ಪಡೆಯಲು ತನ್ನ ಗುರುತಿನ ಚೀಟಿ ತೋರಿಸಬೇಕಾದ ಸ್ಥಿತಿಯನ್ನು ನೆರೆಯವರಿಗೆ ತಂದಿಡಬಾರದು.

ಯಾವಾಗ ಶುರು ಮಾಡಬೇಕು

ದೀಪಾವಳಿಯ ಮುಂಚಿನ ವಾರ ಎಲ್ಲ ಮನೆಗಳಲ್ಲೂ ಅಟ್ಟ ಇಳಿಸಿ, ಟ್ರಂಕು ತೆಗೆದು ಸ್ವಚ್ಛ ಮಾಡುತ್ತಾರೆ. ಹಳೆಯ ರಗ್ಗು, ಚಿಕ್ಕದಾದ ಸ್ವೆಟರ್ ಕೈಗೆ ಸಿಗುವುದು ಆಗಲೇ. ಆದ್ದರಿಂದ ಪಟ್ಟಿಯ ಓಡಾಟವನ್ನು ದಸರೆಯ ನಂತರ, ಶೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ ಮುಗಿಸಿ, ಸಂಗ್ರಹದ ಸುದ್ದಿಯನ್ನು ಹಬ್ಬಕ್ಕೆ ಹದಿನೈದು ದಿನ ಮುಂಚೆ ಮುಟ್ಟಿಸಬೇಕು. ಹಬ್ಬದ ನಂತರದ ಎರಡು ಭಾನುವಾರ ಸಂಗ್ರಹ, ಮುಂದಿನ ಎರಡು ವಾರ ಒಗೆತ ಮತ್ತು ಹೊಲಿಗೆ, ಕಾರ್ತಿಕ ಮುಗಿಯುವಷ್ಟರಲ್ಲಿ ಹಂಚಿಕೆ. ಅನೇಕರು ಜನವರಿಯಲ್ಲಿ, ಸಂಕ್ರಾಂತಿಯ ದಿನ ಕಂಬಳಿ ಹಂಚುತ್ತಾರೆ. ಪುಣ್ಯಕಾಲ ಎಂಬ ಭಾವನೆ ಸರಿಯೇ ಇರಬಹುದು, ಆದರೆ ಅಷ್ಟು ಹೊತ್ತಿಗೆ ಚಳಿಯ ಬಹುಪಾಲನ್ನು ಅವರು ನಡುಗಿಯೇ ಕಳೆದಿರುತ್ತಾರೆ.

ಕೇಳುವಾಗ ಬಿಡಿಸಿ ಕೇಳಿ

“ಹಳೆಯ ಬಟ್ಟೆ ಕೊಡಿ” ಎಂದು ಕೇಳಿದರೆ ಜನ ಹಳೆಯ ಬಟ್ಟೆಯನ್ನೇ ಕೊಡುತ್ತಾರೆ. ನಮ್ಮ ಮೊದಲ ವರ್ಷದ ಹನ್ನೊಂದು ಚೀಲಗಳ ತಪ್ಪು ಕೊಟ್ಟವರದಾಗಿರಲಿಲ್ಲ, ನಾವು ಕೇಳಿದ ರೀತಿಯದು. ಎರಡನೆಯ ವರ್ಷ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ, ಹಾಲಿನ ಅಂಗಡಿಯ ಮುಂದೆ ಅಂಟಿಸಿದ ಚೀಟಿ ಹೀಗಿತ್ತು:

“ನಮ್ಮ ವಾರ್ಡಿನಲ್ಲಿ ಈ ಚಳಿಗಾಲಕ್ಕೆ 38 ಹೊದಿಕೆ, 22 ಹಾಸು, 30 ಸ್ವೆಟರ್ (ಅದರಲ್ಲಿ 12 ಮಕ್ಕಳದು), 6 ಕೈಗೂಸುಗಳಿಗೆ ಕುಲಾವಿ ಮತ್ತು ಕಾಲುಚೀಲ ಬೇಕಾಗಿವೆ. ನೀವು ಇವತ್ತು ರಾತ್ರಿ ನಿಮ್ಮ ಮನೆಗೆ ಬಂದ ನೆಂಟರಿಗೆ ಹೊದೆಯಲು ಕೊಡಬಹುದಾದಂಥ ವಸ್ತುವನ್ನೇ ಕೊಡಿ. ಹತ್ತಿಯ ಹಳೆಯ ಸೀರೆ, ಪಂಚೆ, ದುಪ್ಪಟಿಗಳನ್ನು ಹರಿದಿದ್ದರೂ ಕೊಡಬಹುದು, ಅವು ಕೌದಿಗೆ ಬೇಕು. ಪಾಲಿಯೆಸ್ಟರ್ ಸೀರೆ, ಶಾಲಾ ಸಮವಸ್ತ್ರ, ಒಳ ಉಡುಪು ಬೇಡ.”

ಅಂಕಿಗಳನ್ನು ನಿಮ್ಮ ಪಟ್ಟಿಯಿಂದ ತುಂಬಿಕೊಳ್ಳಿ. “ನೆಂಟರಿಗೆ ಕೊಡಬಹುದಾದಂಥ” ಎಂಬ ಒಂದು ಮಾತು ಚೀಲಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿತು, ಉಪಯೋಗಕ್ಕೆ ಬರುವ ವಸ್ತುಗಳನ್ನು ಹೆಚ್ಚಿಸಿತು. ಬೇಕಾದ ಎಣಿಕೆ ತಲುಪಿದ ಕೂಡಲೇ ಗುಂಪಿನಲ್ಲಿ ತಿಳಿಸಿ ಸಂಗ್ರಹವನ್ನು ನಿಲ್ಲಿಸಬೇಕು. ಬರುವುದೆಲ್ಲ ಬರಲಿ ಎಂದು ಬಾಗಿಲು ತೆರೆದಿಟ್ಟರೆ ಯಾರದೋ ಮನೆಯ ವರಾಂಡ ಗೋದಾಮಾಗುತ್ತದೆ, ಆ ಮನೆಯವರು ಮುಂದಿನ ವರ್ಷ ಜಾಗ ಕೊಡುವುದಿಲ್ಲ.

ಬೇರ್ಪಡಿಸುವುದು ಮತ್ತು ಒಗೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ದುಡಿಮೆ ಬೇಡುವ ಹಂತ ಇದು, ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಹಂತವೂ ಇದೇ. ಬಂದ ವಸ್ತುಗಳನ್ನು ಮನೆಯೊಳಗೆ ತಾರದೆ ಅಂಗಳದಲ್ಲೋ ತಾರಸಿಯ ಮೇಲೋ ಬಿಚ್ಚಬೇಕು. ನೇರವಾಗಿ ಕೊಡಬಹುದಾದದ್ದು, ರಿಪೇರಿ ಬೇಕಾದದ್ದು, ಕೌದಿಗೆ ಹೋಗುವ ಹತ್ತಿಬಟ್ಟೆ ಎಂದು ಗುಡ್ಡೆ ಹಾಕಬೇಕು. ಇವು ಯಾವುದಕ್ಕೂ ಸೇರದ್ದನ್ನು ಅಂದೇ ಗುಜರಿಗೆ ಕಳಿಸಬೇಕು. ಸ್ವೆಟರಿನ ಜಿಪ್ಪು, ಗುಂಡಿಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡಬೇಕು. ಜೇಬುಗಳಿಗೆ ಕೈಹಾಕಿ ನೋಡುವುದನ್ನು ಮರೆಯಬಾರದು; ನಮಗೆ ಒಂದು ಸಲ ಬ್ಯಾಂಕ್ ಲಾಕರಿನ ಕೀಲಿ ಸಿಕ್ಕಿತ್ತು.

ಒಗೆಯದೆ ಯಾವುದನ್ನೂ ಕೊಡಬಾರದು ಎಂಬುದಕ್ಕೆ ಮರ್ಯಾದೆಯ ಕಾರಣ ಒಂದಾದರೆ ಆರೋಗ್ಯದ ಕಾರಣ ಇನ್ನೊಂದು. ತುರಿಕಜ್ಜಿಯನ್ನು ಉಂಟುಮಾಡುವ ನುಸಿ ಬಟ್ಟೆ ಹೊದಿಕೆಗಳ ಮೂಲಕವೂ ಹರಡಬಲ್ಲದು. ಮನುಷ್ಯನ ಚರ್ಮದಿಂದ ದೂರವಾದ ಮೇಲೆ ಅದು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಆದ್ದರಿಂದ ಬಂದ ಚೀಲಗಳ ಬಾಯಿ ಕಟ್ಟಿ ಒಂದು ವಾರ ಹಾಗೇ ಇಟ್ಟರೆ ಆ ಭಯ ಕಳೆಯುತ್ತದೆ. ತಿಗಣೆಯ ವಿಷಯ ಬೇರೆ. ಅದು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು, ಚೀಲದಲ್ಲಿ ಕಟ್ಟಿಟ್ಟರೆ ಸಾಯುವುದಿಲ್ಲ, ಬಿಸಿಗೆ ಸಾಯುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಹೊದಿಕೆಗಳನ್ನು 60 ಡಿಗ್ರಿಯಷ್ಟು ಬಿಸಿಯಿರುವ, ಅಂದರೆ ಕೈ ಇಡಲಾಗದ ನೀರಿನಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ ಒಗೆದರೆ ಎರಡೂ ಹೋಗುತ್ತವೆ. ಹೊಲಿಗೆಯ ಸಂದಿ, ಅಂಚಿನ ಮಡಿಕೆಗಳಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಅದು ತಿಗಣೆಯ ಗುರುತು. ಅಂಥದ್ದನ್ನು ಉಳಿದವುಗಳ ಜೊತೆ ಸೇರಿಸಬಾರದು.

ಉಣ್ಣೆಗೆ ಬಿಸಿನೀರು ಆಗದು. ಬಿಸಿನೀರಿಗೆ ಹಾಕಿ ಉಜ್ಜಿದ ಉಣ್ಣೆಯ ಸ್ವೆಟರ್ ಕುಗ್ಗಿ ಮಗುವಿನ ಅಳತೆಗೆ ಬರುತ್ತದೆ, ಕಂಬಳಿ ಗಂಟುಗಂಟಾಗುತ್ತದೆ. ಇವನ್ನು ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಮೆಲ್ಲಗೆ ಅದ್ದಿ ತೆಗೆದು, ಹಿಂಡದೆ, ನೇತುಹಾಕದೆ, ಚಾಪೆಯ ಮೇಲೆ ಹರಡಿ ಒಣಗಿಸಬೇಕು. ನವೆಂಬರ್‌ನ ಬಿಸಿಲು ಮೆತ್ತಗಿರುವುದರಿಂದ ದಪ್ಪ ರಗ್ಗು ಪೂರ್ತಿ ಒಣಗಲು ಎರಡು ದಿನ ಬೇಕಾಗುತ್ತದೆ. ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಿರುವಾಗ ಮಡಚಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತೆಗೆದಿಡಬೇಕು.

ನೆಲದ ಥಂಡಿಗೆ ಹಾಸು

ಮಲಗಿದವನ ಮೈಯ ಬಿಸಿಯನ್ನು ನೆಲ ನೇರವಾಗಿ ಹೀರಿಕೊಳ್ಳುತ್ತದೆ. ಹೊದಿಕೆಯ ಕೆಳಭಾಗ ಮೈಭಾರಕ್ಕೆ ಒತ್ತಿಹೋಗಿ, ಅದರೊಳಗಿನ ಗಾಳಿಯೆಲ್ಲ ಹೊರಬಿದ್ದಿರುವುದರಿಂದ ಅದು ತಡೆಯಾಗಿ ಕೆಲಸ ಮಾಡುವುದಿಲ್ಲ. ಎರಡು ರಗ್ಗು ಕೊಡುವ ಬದಲು ಒಂದು ರಗ್ಗು ಮತ್ತು ಒಂದು ಒಳ್ಳೆಯ ಹಾಸು ಕೊಟ್ಟರೆ ಚಳಿ ಹೆಚ್ಚು ತಡೆಯುತ್ತದೆ. ಬಸ್ ನಿಲ್ದಾಣದ ಅಜ್ಜಿ ಹೇಳಿದ್ದು ಇದನ್ನೇ.

ಹಾಸನ್ನು ಬಹುತೇಕ ಖರ್ಚಿಲ್ಲದೆ ಮಾಡಬಹುದು. ಫ್ರಿಜ್ಜು, ಟಿ.ವಿ. ಮಾರುವ ಅಂಗಡಿಗಳಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಗಳು ಸಿಗುತ್ತವೆ. ಅವನ್ನು ಬಿಡಿಸಿ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲಕ್ಕೆ ಕತ್ತರಿಸಿ, ಎರಡು ಪದರ ಒಂದರ ಮೇಲೊಂದಿಟ್ಟು, ಬಿಚ್ಚಿ ಹೊಲಿದ ಗೋಣಿಚೀಲದೊಳಗೆ ಸೇರಿಸಿ ಬಾಯಿ ಹೊಲಿಯಬೇಕು. ನೆಲ ಒದ್ದೆಯಿರುವ ಕಡೆ ಅಡಿಭಾಗಕ್ಕೆ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ ಹೊಲಿದರೆ ರಟ್ಟು ನೆನೆಯುವುದಿಲ್ಲ. ರಸಗೊಬ್ಬರದ ಚೀಲವಾದರೆ ಚೆನ್ನಾಗಿ ತೊಳೆದು ಬಳಸಬೇಕು. ಕೀಟನಾಶಕ ತುಂಬಿ ಬಂದ ಯಾವುದನ್ನೂ ಮುಟ್ಟಬಾರದು. ರಟ್ಟಿನ ಅಲೆಯಲೆಯಾದ ಒಳಪದರದಲ್ಲಿ ಸಿಕ್ಕಿಕೊಂಡ ಗಾಳಿಯೇ ಇಲ್ಲಿ ಚಳಿಯನ್ನು ತಡೆಯುವುದು.

ಇದರ ಮೇಲೆ ಕೌದಿ ಬಿದ್ದರೆ ಹಾಸಿಗೆ ಪೂರ್ತಿಯಾಯಿತು. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಹಳೆಯ ಹತ್ತಿಬಟ್ಟೆಗೆ ಕೊರತೆಯಿರಬಾರದು. ಆದರೂ ಈಗ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಸೀರೆ, ಅದರ ಮೇಲೆ ಸೂಜಿ ಜಾರುತ್ತದೆ. ಅದಕ್ಕಾಗಿಯೇ ಚೀಟಿಯಲ್ಲಿ ಹತ್ತಿಯೆಂದು ಒತ್ತಿ ಬರೆಯಬೇಕು. ನಾಲ್ಕೈದು ಪದರ ಹಾಸಿ, ಅಂಚಿನಿಂದ ಶುರುಮಾಡಿ ಒಳಗೆ ಸುತ್ತುತ್ತ ಬರುವ ದೊಡ್ಡ ದಾರದ ಹೊಲಿಗೆಯನ್ನು ಹಿರಿಯ ಹೆಂಗಸರು ಕಣ್ಣುಮುಚ್ಚಿ ಹಾಕುತ್ತಾರೆ. ನಮ್ಮ ತಾರಸಿಯಲ್ಲಿ ನಾಲ್ವರು ಕುಳಿತರೆ ಎರಡು ಮಧ್ಯಾಹ್ನಕ್ಕೆ ಒಂದು ಕೌದಿಯಾಗುತ್ತಿತ್ತು. ಹೊಲಿಯುವವರಲ್ಲಿ ದುಡಿಮೆ ಬೇಕಾದವರಿದ್ದರೆ ಸಂಗ್ರಹವಾದ ಹಣದಿಂದ ಕೂಲಿ ಕೊಡುವುದು ನ್ಯಾಯ. ದಾನದ ಕೆಲಸವೆಂದು ಬಡವರಿಂದ ಬಿಟ್ಟಿ ಹೊಲಿಸಿಕೊಳ್ಳುವುದು ಸರಿಯಲ್ಲ.

ಹಣ, ಖರೀದಿ, ಲೆಕ್ಕ

ಪಟ್ಟಿಗೂ ಬಂದ ವಸ್ತುಗಳಿಗೂ ನಡುವಿನ ಕೊರತೆಯನ್ನು ಮಾತ್ರ ಹಣದಿಂದ ತುಂಬಬೇಕು. ಹಣವನ್ನು ಒಬ್ಬರು ಪಡೆಯಲಿ, ಇನ್ನೊಬ್ಬರು ಖರ್ಚು ಮಾಡಲಿ, ಮೂರನೆಯವರು ಬರೆದಿಡಲಿ. ಪ್ರತಿ ಭಾನುವಾರ ಜಮಾ ಖರ್ಚಿನ ಪುಟದ ಚಿತ್ರವನ್ನು ಗುಂಪಿಗೆ ಹಾಕಿದರೆ ಕೇಳುವ ಮೊದಲೇ ಉತ್ತರ ಸಿಕ್ಕಂತಾಗುತ್ತದೆ. ನಿಮ್ಮದು ಬೀದಿಯವರ ಗುಂಪಷ್ಟೇ ಆಗಿದ್ದರೆ ದಾನದ ಹಣಕ್ಕೆ ಆದಾಯ ತೆರಿಗೆಯಲ್ಲಿ (80ಜಿ ಎಂದು ಹೆಸರಾದ) ವಿನಾಯಿತಿ ಸಿಗುತ್ತದೆಂದು ಯಾರಿಗೂ ಹೇಳಬೇಡಿ. ಅದು ಅನುಮೋದನೆ ಪಡೆದ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ ಮಾತ್ರ ಅನ್ವಯಿಸುತ್ತದೆ. ಅಲ್ಲಿಯೂ 2,000 ರೂಪಾಯಿ ಮೀರಿದ ನಗದಿಗೆ ಮತ್ತು ಬಟ್ಟೆಬರೆಯಂಥ ವಸ್ತುರೂಪದ ದಾನಕ್ಕೆ ವಿನಾಯಿತಿಯಿಲ್ಲ.

ಕೊಳ್ಳುವಾಗ ಅಗ್ಗದ ರಗ್ಗಿನ ಕಟ್ಟನ್ನು ಕಂಡು ಮರುಳಾಗಬಾರದು. ಬೆಳಕಿಗೆ ಹಿಡಿದಾಗ ಆಚೆಗಿನ ಕೈ ಕಂಡರೆ ಅದು ಒಂದು ಚಳಿಗಾಲವನ್ನೂ ದಾಟುವುದಿಲ್ಲ. ವಯಸ್ಸಾದವರಿಗೆ, ಅದರಲ್ಲೂ ಹಳ್ಳಿಯಿಂದ ಬಂದವರಿಗೆ, ಚಳ್ಳಕೆರೆ ಕಡೆಯ ಕುರಿಯುಣ್ಣೆಯ ಕಂಬಳಿ ಕೊಡುವುದು ನನ್ನ ಮಟ್ಟಿಗೆ ಉತ್ತಮ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಮಗ್ಗದಲ್ಲಿ ನೇಯ್ದ ಕಂಬಳಿ ಹೊಸತರಲ್ಲಿ ಬಿರುಸಾಗಿರುತ್ತದೆ, ಬಳಸುತ್ತ ಮೆತ್ತಗಾಗುತ್ತದೆ. ಇಬ್ಬನಿ ಬಿದ್ದರೆ ಕೊಡವಿದರೆ ಸಾಕು. ಕಿಡಿ ಸಿಡಿದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ, ಉಣ್ಣೆ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಒಲೆಯ ಪಕ್ಕದಲ್ಲೇ ಮಲಗುವ ಗುಡಿಸಲುಗಳಲ್ಲಿ ಇದು ಸಣ್ಣ ವಿಷಯವಲ್ಲ. ಬೆಲೆ ಹೆಚ್ಚು, ನಿಜ. ಆದರೆ ನೇಕಾರರಿಂದಲೋ ಅವರ ಸಹಕಾರ ಸಂಘದಿಂದಲೋ ನೇರವಾಗಿ ಕೊಂಡರೆ ಆ ಹಣವೂ ಪಕ್ಕದ ಜಿಲ್ಲೆಯ ಬಡ ಮನೆಯೊಂದಕ್ಕೇ ಸೇರುತ್ತದೆ. ಮಕ್ಕಳಿಗೆ ಕಂಬಳಿ ಚುಚ್ಚುತ್ತದೆ, ಒಳಗೆ ಹಳೆಯ ಪಂಚೆಯ ಪದರ ಬೇಕು.

ಹಂಚಿಕೆ

ಗಾಡಿ ನಿಲ್ಲಿಸಿ ಕೂಗುವ ಹಂಚಿಕೆಯಲ್ಲಿ ಬಲವಿದ್ದವನು ಪಡೆಯುತ್ತಾನೆ. ಅದಕ್ಕೆ ಬದಲಾಗಿ ಪಟ್ಟಿಯಲ್ಲಿರುವ ಪ್ರತಿ ಮನೆಯ ಅಥವಾ ಜಾಗದ ಹೆಸರಿನಲ್ಲಿ ಒಂದೊಂದು ಗಂಟು ಕಟ್ಟಿ, ಮೇಲೆ ಸಂಖ್ಯೆ ಬರೆದು, ಇಬ್ಬಿಬ್ಬರು ನಡೆದುಕೊಂಡೇ ಹೋಗಿ ಅವರವರ ಕೈಗೆ ತಲುಪಿಸಬೇಕು. ಕುಟುಂಬಗಳಿಗೆ ಸಂಜೆ ಏಳರೊಳಗೆ, ಬೀದಿಯಲ್ಲಿ ಮಲಗುವವರಿಗೆ ಅವರು ಮಲಗುವ ಮುನ್ನ ಹೋಗುವುದು ಒಳ್ಳೆಯದು. ನಿದ್ದೆಯಲ್ಲಿದ್ದವರ ಮುಖಕ್ಕೆ ಟಾರ್ಚು ಬಿಟ್ಟು ಎಬ್ಬಿಸಬಾರದು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ತಮ್ಮನ್ನು ವಾಹನದಲ್ಲಿ ಹೇರಿಕೊಂಡು ಹೋಗಿಬಿಡುತ್ತಾರೆಂಬ ಅಂಜಿಕೆ ಬೀದಿಯಲ್ಲಿರುವ ಅನೇಕರಿಗಿದೆ. ಅಪರಿಚಿತರ ಗುಂಪು, ಗಾಡಿ, ಬೆಳಕು ಮೂರೂ ಒಟ್ಟಿಗೆ ಕಂಡರೆ ಅವರು ಎದ್ದು ಓಡುತ್ತಾರೆ. ಪಟ್ಟಿ ಮಾಡುವಾಗ ಬಂದ ಮುಖಗಳೇ ಹಂಚುವಾಗಲೂ ಬಂದರೆ ಆ ಭಯವಿರುವುದಿಲ್ಲ.

ಮಾತನಾಡಿಸುವಾಗ ಅಜ್ಜ, ಅವ್ವ, ಅಣ್ಣ, ಅಕ್ಕ ಎಂದೇ ಕರೆಯಬೇಕು. ಎರಡು ಮೂರು ಬಣ್ಣವಿದ್ದರೆ ಅವರೇ ಆರಿಸಿಕೊಳ್ಳಲಿ. ಒಬ್ಬ ಹಮಾಲಣ್ಣ ನೀಲಿ ರಗ್ಗನ್ನು ಬಿಟ್ಟು ಕಂದು ಬಣ್ಣದ್ದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಇದು ಹೊಲಸು ಕಾಣಲ್ಲ, ತಡಿತೈತಿ” ಎಂದು ತೆಗೆದುಕೊಂಡ. ಅವನ ಲೆಕ್ಕ ನಮಗೆ ಹೊಳೆದಿರಲಿಲ್ಲ.

ಫೋಟೋ ತೆಗೆಯಬಾರದು. ಈ ಮಾತಿಗೆ ನಮ್ಮ ಗುಂಪಿನಲ್ಲೇ ವಿರೋಧವಿತ್ತು, ಹಣ ಕೊಟ್ಟವರಿಗೆ ತೋರಿಸುವುದು ಬೇಡವೇ ಎಂದು ಕೇಳಿದರು. ಮೊದಲ ವರ್ಷದ ಚಿತ್ರವೊಂದನ್ನು ಎಲ್ಲರ ಮುಂದೆ ತೆಗೆದಿಟ್ಟ ಮೇಲೆ ಚರ್ಚೆ ನಿಂತಿತು: ಐದು ಜನ ಒಂದೇ ಶಾಲನ್ನು ಹಿಡಿದು ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದೇವೆ, ಶಾಲು ಪಡೆಯುತ್ತಿರುವ ಹೆಂಗಸು ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದಾಳೆ. ಈಗ ಕಟ್ಟಿಟ್ಟ ಗಂಟುಗಳ ಚಿತ್ರವನ್ನು ಹಾಕುತ್ತೇವೆ, ಹಣ ಕೊಟ್ಟವರು ಅದಕ್ಕೆ ಒಪ್ಪಿದ್ದಾರೆ.

ಹೊದಿಕೆಯ ಜೊತೆಗೆ ಹೇಳಬೇಕಾದವು

ಗಂಟು ಕೊಡುವಾಗ ನಾಲ್ಕು ಮಾತು ಆಡಲು ಸಮಯವಿಟ್ಟುಕೊಳ್ಳಬೇಕು. ಒಂದು ವರ್ಷದೊಳಗಿನ ಕೂಸಿನ ಮುಖದ ಹತ್ತಿರ ಸಡಿಲವಾದ ರಗ್ಗು, ದಿಂಬು ಇರಕೂಡದು, ಉಸಿರುಗಟ್ಟುವ ಅಪಾಯವಿದೆ. ಕೂಸಿಗೆ ಕುಲಾವಿ, ಕಾಲುಚೀಲ, ಮೈಗೆ ಎರಡು ಪದರದ ಹತ್ತಿಬಟ್ಟೆ ಸಾಕು. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಕವಿದ್ದ ಕೂಸುಗಳನ್ನು ತಾಯಿಯ ಬರಿಯ ಎದೆಗೆ ಒತ್ತಿಟ್ಟುಕೊಳ್ಳುವ ಕಾಂಗರೂ ಆರೈಕೆಯ ಬಗ್ಗೆ ಆಶಾ ಕಾರ್ಯಕರ್ತೆಯೇ ಬಂದು ತೋರಿಸಿದರೆ ಒಳ್ಳೆಯದು.

ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟುಕೊಂಡು ಮಲಗುವುದನ್ನು ಖಂಡಿತವಾಗಿ ತಡೆಯಬೇಕು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಕುಡಿದರೆ ಮೈ ಬೆಚ್ಚಗಾಗುತ್ತದೆಂಬ ನಂಬಿಕೆಯೂ ಅಷ್ಟೇ ಅಪಾಯಕಾರಿ, ಏಕೆಂದರೆ ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಬೇಗ ಹೊರಹಾಕುತ್ತದೆ. ನಡುಗುತ್ತಿದ್ದ ವಯಸ್ಸಾದವರು ನಡುಗುವುದನ್ನು ನಿಲ್ಲಿಸಿ, ಮಾತು ತೊದಲಿ, ಮಂಪರಿಗೆ ಜಾರಿದರೆ ಚಳಿ ಕಡಿಮೆಯಾಯಿತೆಂದು ತಿಳಿಯಬಾರದು. ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಸುತ್ತಿ, ಎಚ್ಚರವಿದ್ದರೆ ಮಾತ್ರ ಬೆಚ್ಚಗಿನ ಸಕ್ಕರೆ ನೀರು ಕೊಟ್ಟು, 108ಕ್ಕೆ ಕರೆ ಮಾಡಬೇಕು. ಒಂಟಿಯಾಗಿರುವ ಹಿರಿಯರಿಗೆ ಸಹಾಯವಾಣಿ 14567, ಮಕ್ಕಳಿಗಾಗಿ 1098. ಇವೆರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಹೊದಿಕೆ ಸೂರಿಗೆ ಬದಲಿಯಾಗದು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ರಾತ್ರಿ ತಂಗುವ ವ್ಯವಸ್ಥೆ ಇರಬೇಕೆಂದಿತ್ತು. 2011ರ ಜನಗಣತಿಯಲ್ಲೇ 4.3 ಲಕ್ಷ ದಾಟಿದ್ದ ದಾವಣಗೆರೆಗೆ ಆ ಲೆಕ್ಕದಲ್ಲಿ 400ಕ್ಕೂ ಹೆಚ್ಚು ಜನರಿಗೆ ಜಾಗವಿರಬೇಕು. ನಿಮ್ಮ ಪಟ್ಟಿಯಲ್ಲಿ ಬೀದಿಯಲ್ಲಿ ಮಲಗುವವರ ಎಣಿಕೆಯನ್ನು, ಹೆಸರುಗಳಿಲ್ಲದೆ, ಜಾಗಗಳ ಸಮೇತ ಬರೆದು ಮಹಾನಗರ ಪಾಲಿಕೆಗೂ ನಿಮ್ಮ ವಾರ್ಡಿನ ಸದಸ್ಯರಿಗೂ ಮನವಿಯಾಗಿ ಸಲ್ಲಿಸಿ, ಸ್ವೀಕೃತಿಯ ಸಹಿ ಪಡೆದುಕೊಳ್ಳಿ.

ಚಳಿ ಹೋದ ಮೇಲೆ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆಂಬ ಮಾತಿದೆ. ಆಗ ಪಟ್ಟಿಯ ಹತ್ತು ಕಡೆಯಾದರೂ ಮತ್ತೆ ಹೋಗಿ ಯಾವುದು ತಡೆಯಿತು, ಯಾವುದು ಹರಿಯಿತು ಎಂದು ಕೇಳಬೇಕು. ಬೀದಿಯಲ್ಲಿರುವವರಿಗೆ ಬೇಸಿಗೆಯಲ್ಲಿ ರಗ್ಗನ್ನು ಹೊತ್ತು ತಿರುಗುವುದು ಕಷ್ಟ, ಮಾರಿದರು ಎಂದು ದೂರುವ ಮುಂಚೆ ಇದನ್ನು ನೆನೆಯಬೇಕು. ನಾವು ಈಗ ಬಯಸಿದವರ ಹೊದಿಕೆಗಳನ್ನು ಒಗೆದು, ಅವರ ಸಂಖ್ಯೆಯ ಚೀಟಿ ಹೊಲಿದು, ಒಣ ಬೇವಿನೆಲೆ ಹಾಕಿದ ತಗಡಿನ ಟ್ರಂಕಿನಲ್ಲಿ ದಸರೆಯವರೆಗೆ ಇಟ್ಟುಕೊಡುತ್ತೇವೆ. ಹೋದ ವರ್ಷ ಹೀಗೆ ಇಟ್ಟ ಒಂಬತ್ತರಲ್ಲಿ ಏಳನ್ನು ಅವರವರೇ ಬಂದು ಒಯ್ದರು. ಉಳಿದ ಎರಡರ ಮೇಲಿನ ಚೀಟಿಯನ್ನು ಬಿಚ್ಚಿಲ್ಲ, ಟ್ರಂಕಿನ ಕೀಲಿ ಹಾಲಿನ ಅಂಗಡಿಯಲ್ಲಿದೆ.